ಪೂಜೆಗಿಟ್ಟ ಐದು ಪಿಸ್ತೂಲು

ಆಯುಧಪೂಜೆಯ ಸಂಜೆ ಆರೂಕಾಲು. ಕರೆಂಟು ಹೋಗಿ ಒಂದೆರಡು ನಿಮಿಷವಾಗಿತ್ತು. ಕೊಳ್ಳೇಗಾಲದ ಹಳೇ ನೂಲು ಶೆಡ್ಡಿನ ಬಾಗಿಲು ದಡಾರನೆ ತೆರೆದುಕೊಂಡಿತು, ಅದರ ಮಾಲೀಕ ಪುಟ್ಟಸಿದ್ದಯ್ಯ ಬೀದಿಗೆ ಬಂದು ಬಿದ್ದ. ಎಡಗೈಯಲ್ಲಿ ಅಳತೆ ಟೇಪು. ಬಲಗೈ ಕೆನ್ನೆಯ ಮೇಲೆ. ಬೆರಳ ಸಂದಿಯಲ್ಲಿ ರಕ್ತ.

"ಮಾದಪ್ಪ ಒಡ್ದ," ಅಂದ. "ಮಾದಪ್ಪ ನಂಗೆ ಗುಂಡಲ್ಲಿ ಒಡ್ದ."

ಸೇರಿದ್ದ ನಾಲ್ಕು ಜನ ಮುಖ ಮುಖ ನೋಡಿಕೊಂಡರು. ಮಾದಪ್ಪ ಸತ್ತು ಹನ್ನೊಂದು ತಿಂಗಳಾಗಿತ್ತು.

ಪಟ್ಟಣದ ಠಾಣೆಗೆ ಸುದ್ದಿ ಮುಟ್ಟಿದಾಗ ಅಲ್ಲಿದ್ದವರು ಇಬ್ಬರೇ. ಒಬ್ಬ ಪೇದೆ ಪರಮೇಶ. ಹನೂರು ತಾಲ್ಲೂಕಿನ ಹೂಗ್ಯಂನವನು. ಹೊಲಕ್ಕೆ ಆನೆ ಬಂದರೆ ತಮಟೆ ಹಿಡಿದು ಎದುರು ನಿಲ್ಲುವ ಊರು ಅದು. ಪರಮೇಶನೂ ನಿಂತವನೇ, ಸುಳ್ಳಲ್ಲ. ಆದರೆ ದೆವ್ವದ ಮಾತು ಬಂದರೆ ಅವನ ಧೈರ್ಯ ರಜೆ ಹಾಕುತ್ತಿತ್ತು. ಇನ್ನೊಬ್ಬರು ಎ.ಎಸ್.ಐ. ಜಡೆಮ್ಮ. ಬಿಳಿಗಿರಿರಂಗನ ಬೆಟ್ಟದ ಪೋಡಿನಲ್ಲಿ, ಕಾಡಿನ ನಡುವಿನ ಹಾಡಿಯಲ್ಲಿ ಹುಟ್ಟಿ, ಯಳಂದೂರಿನಲ್ಲಿ ಓದಿ, ಇಪ್ಪತ್ತಾರು ವರ್ಷದಿಂದ ಖಾಕಿ ಹಾಕಿದವರು. ಮಾತು ಕಮ್ಮಿ. ಅವರು ಕೇಳುವ ಪ್ರಶ್ನೆಗಳು ಎಷ್ಟು ಸಣ್ಣವೆಂದರೆ, ಉತ್ತರ ಕೊಟ್ಟವನಿಗೆ ತಾನೇನೋ ಕೊಟ್ಟೆ ಅಂತಲೇ ಅನ್ನಿಸುತ್ತಿರಲಿಲ್ಲ.

"ಜೀಪು ತಗೀಲಾ ಮೇಡಂ?"

"ಚಕ್ರದಡಿ ನಿಂಬೆಹಣ್ಣು ಅಂಗೇ ಅದೆ. ಪೂಜೆ ಮಾಡಿದ್ದನ್ನ ಕದಲಿಸೋದು ನಾಳೆ. ನಡಿ, ನಡ್ಕೊಂಡೇ ಓಗುಮ."

ಶೆಡ್ಡು ಒಂದು ಕಾಲದಲ್ಲಿ ರೇಷ್ಮೆ ನೂಲು ಹುರಿ ಮಾಡುವ ಜಾಗ. ಯಂತ್ರಗಳು ಹೋದ ಮೇಲೆ, ಮಿಲಿಟರಿಯಿಂದ ಬಂದ ಮಾದಪ್ಪ ಅದನ್ನು ಬಾಡಿಗೆಗೆ ಹಿಡಿದು ಮಕ್ಕಳಿಗೆ ಗುರಿ ಹೊಡೆಯುವುದನ್ನು ಕಲಿಸುತ್ತಿದ್ದ. ಗಾಳಿ ಒತ್ತಡದ ಪಿಸ್ತೂಲು, ಹತ್ತು ಮೀಟರ್ ದೂರದಲ್ಲಿ ಕಾಗದದ ಗುರಿ. ಇಪ್ಪತ್ತು ವರ್ಷ ಕಲಿಸಿದ. ಹೋದ ವರ್ಷ ದೀಪಾವಳಿ ಹೊತ್ತಿಗೆ ಪಾಠದ ನಡುವೆಯೇ ಎದೆ ಹಿಡಿದುಕೊಂಡು ಕೂತವನು ಏಳಲಿಲ್ಲ.

ಪರಮೇಶ ಟಾರ್ಚು ಹಾಕಿದ. ಒಳಗೆ ಲೋಬಾನದ ಹೊಗೆ ಇನ್ನೂ ಆಡುತ್ತಿತ್ತು. ಎದುರಿಗೆ ಉದ್ದನೆ ಮೇಜು, ಅದರ ಮೇಲೆ ಕೆಂಪು ವಸ್ತ್ರ, ಚೆಂಡುಹೂವು, ಒಡೆದ ಬೂದಗುಂಬಳ, ಹಿತ್ತಾಳೆಯ ದೀಪ. ಹೂವಿನ ನಡುವೆ ಸಾಲಾಗಿ ಐದು ಪಿಸ್ತೂಲು. ಐದೂ ಅತ್ತ ಕಡೆಯ ಗುರಿಗಳತ್ತ ಮೂತಿ ಮಾಡಿ ಮಲಗಿದ್ದವು. ಮೇಜಿನ ಹಿಂದಿನ ಗೋಡೆಯಲ್ಲಿ ಮಾದಪ್ಪನ ಫೋಟೋ. ದೀಪ ಅಲ್ಲಾಡಿದಾಗೆಲ್ಲ ಫೋಟೋದೊಳಗಿನ ಕಣ್ಣು ಪರಮೇಶನ ಕಡೆಗೇ ತಿರುಗುತ್ತಿದೆ ಅನ್ನಿಸಿತು. ಅವನು ಟಾರ್ಚನ್ನು ಬೇರೆ ಕಡೆ ತಿರುಗಿಸಿದ.

"ದೀಪ ಯಾವಾಗ ಹಚ್ಚಿದ್ದು?" ಜಡೆಮ್ಮ ಕೇಳಿದರು.

"ಬೆಳಿಗ್ಗೆ ಅತ್ಗಂಟೆಗೆ," ಎಂದಿತು ಹಿಂದಿನಿಂದ ಒಂದು ದನಿ. ಪರಮೇಶ ಅರ್ಧ ಗೇಣು ಹಾರಿದ. ಬಾಗಿಲಲ್ಲಿ ಬಸವಮ್ಮ ನಿಂತಿದ್ದಳು, ಮಾದಪ್ಪನ ಹೆಂಡತಿ. ಕೈಯಲ್ಲಿ ನೀರಿನ ಚೊಂಬು. ಬಿದ್ದ ಪುಟ್ಟಸಿದ್ದಯ್ಯನ ಮುಖ ತೊಳೆದವಳು ಅವಳೇ. "ಎಣ್ಣೆ ಆಗಾಗ ನಾನೇ ಬಂದು ಊಯ್ತಿದ್ದೆ. ನಾಳೆ ಕದಲಿಸೋಗಂಟ ಆರಬಾರ್ದಲ್ಲ ಕಣವ್ವ. ಕೊನೇಗೆ ಸಂಜೆ ನಾಕ್ ಗಂಟೇಲಿ ಬಂದಿದ್ದೆ."

"ನಿಮ್ಮನೆ?"

"ಈ ಗ್ವಾಡೆ ಆಚ್ಗೆ. ಇತ್ಲ ಬಾಗ್ಲು ನಮ್ಮ ಅಂಗಳಕ್ಕೇ."

ಶೆಡ್ಡಿನ ಮೂಲೆಯಲ್ಲಿ ಒಂದು ಹಳೇ ಸೀರೆಯ ಪರದೆ. ಅದರ ಹಿಂದೆ ಸಣ್ಣ ಜಾಗ: ಸ್ಟೂಲು, ಎಣ್ಣೆ ಡಬ್ಬಿ, ಬ್ರಷ್ಷು, ಬಿಳಿ ರೇಷ್ಮೆ ನೂಲಿನ ಸಿಂಬಿ. ಪಿಸ್ತೂಲು ಬಿಚ್ಚಿ ಒರೆಸುವ ಜಾಗ. ಹಿತ್ತಲ ಬಾಗಿಲು ಅಲ್ಲೇ ಇತ್ತು.

ಜಡೆಮ್ಮ ನಡೆಯುತ್ತ ಗುರಿಗಳ ಗೋಡೆಯ ಹತ್ತಿರ ಹೋದರು. ಕಾಗದದ ಗುರಿ ಒಂದಕ್ಕೂ ತೂತು ಬಿದ್ದಿರಲಿಲ್ಲ. ನಾಲ್ಕನೇ ಗುರಿಯಿಂದ ಎರಡು ಮಾರು ಎಡಕ್ಕೆ, ಚಾವಣಿ ಹೊತ್ತ ಕಬ್ಬಿಣದ ಕಂಬದ ಮೇಲೆ ಬೆಳ್ಳಗೆ ಹೊಸ ಗೀರು. ಕೆಳಗೆ ಚಪ್ಪಟೆಯಾದ ಸೀಸದ ಗುಂಡು, ಮೆಣಸಿನಕಾಳಿನಷ್ಟು.

"ಕಂಬಕ್ಕೆ ಬಡಿದು ತಿರುಗಿ ಬಂದು ಅವರ ಕೆನ್ನೆಗೆ ತಗುಲಿದೆ," ಅಂದರು.

"ದೆವ್ವುದ್ ಗುರಿನೂ ತಪ್ತದಾ ಮೇಡಂ?" ಪರಮೇಶ ಕೇಳಿದ. ತಮಾಷೆಗೆ ಅಲ್ಲ.

ಹೊರಡುವಾಗ ಅವನ ಬೂಟಿನ ಅಂಚಿಗೆ ಏನೋ ಅಂಟಿಕೊಂಡಿತ್ತು. ಕಡಲೆಕಾಳಿನಷ್ಟು ರೇಷ್ಮೆ ನೂಲಿನ ಉಂಡೆ, ಕೆಂಪಗೆ. ಕಿತ್ತು ಎಸೆಯಲು ಹೋದ.

"ಎಲ್ಲಿ ತುಳಿದೆ?"

"ಅಲ್ಲೇ, ಮೇಜಿಂದ ಮುಂದಕ್ಕೆ ನಾಕೆಜ್ಜೆ. ಕೊಳ್ಳೇಗಾಲ್ದಲ್ಲಿ ಕಾಲಿಟ್ಟ ಕಡೆಯೆಲ್ಲ ನೂಲು ಮೇಡಂ. ನಮ್ಮನೆ ಸಾರಲ್ಲೂ ಸಿಕ್ತದೆ."

"ಕೊಡು ಇಲ್ಲಿ."

ಒಣಗಿದ ನೆಲ್ಲಿಕಾಯಿ ಚೂರು ಇಟ್ಟುಕೊಳ್ಳುವ ಡಬ್ಬಿಯನ್ನು ಜೇಬಿನಿಂದ ತೆಗೆದು, ಮುಚ್ಚಳದ ಒಳಗೆ ಆ ಉಂಡೆಯನ್ನು ಇಟ್ಟುಕೊಂಡರು.

ಆಸ್ಪತ್ರೆಯಲ್ಲಿ ಪುಟ್ಟಸಿದ್ದಯ್ಯನಿಗೆ ನಾಲ್ಕು ಹೊಲಿಗೆ. ಕಣ್ಣು ಉಳಿದಿತ್ತು. ಬೆರಳಗಲ ಮೇಲಾಗಿದ್ದರೆ ಉಳಿಯುತ್ತಿರಲಿಲ್ಲ ಎಂದರು ಡಾಕ್ಟರು.

"ಪೂಜೆ ದಿನ ಅಳತೆ ಯಾಕೆ ಯಜಮಾನ್ರೆ?"

"ಶೆಡ್ಡು ನಂದು ಮೇಡಮ್ಮೋರೆ. ಬೀಳ್ಸಿ ಚೌಟ್ರಿ ಕಟ್ಟುಸ್ಮ ಅಂತ. ಮೇಸ್ತ್ರಿಗೆ ಅಳ್ತೆ ಬೇಕಿತ್ತು. ಸಂಜೆ ಆರಕ್ಕೆ ಬತ್ತೀನಿ ಅಂತ ಬೆಳಿಗ್ಗೆ ಪೂಜೆಗೆ ಮುಂಚೇನೇ ಎಲ್ರ ಮುಂದೂ ಯೋಳಿದ್ದೆ. ಕದ್ದು ಓಗಿಲ್ಲ."

"ಒಳಗೆ ಯಾರಿದ್ದರು?"

"ಯಾರೂ ಇಲ್ಲ. ಆ ಕಡೆ ಗ್ವಾಡೆತವು ಟೇಪು ಇಡ್ಕಂಡು ನಿಂತಿದ್ದೆ. ಕರೆಂಟು ಓಯ್ತು. ಆಮೇಲೆ ಬೆನ್ನಿಂದೆ—" ಅವನು ನಿಲ್ಲಿಸಿದ. "ಬೆನ್ನಿಂದೆ ಮಾದಪ್ಪನ ಮಾತು ಕೇಳುಸ್ತು. 'ಉಸ್ರು ಇಡಿ' ಅಂತು. ಒಡಿಯಕ್ ಮುಂಚೆ ಉಸ್ರು ಕಟ್ಟಿ ನಿಲ್ಲಿ ಅಂತ ಮಕ್ಳಿಗೆ ಯೋಳ್ತಿದ್ನಲ್ಲ, ಅದೇ ಮಾತು. ಮೆಲ್ಲುಗೆ. ತಿರಿಕ್ಕೊಳ್ಳದ್ರೊಳಗೆ ಟಪ್ ಅಂತು, ಮುಖ ಉರೀತು, ಕಣ್ಮುಚ್ಕಂಡು ಕುಂತ್ಬುಟ್ಟೆ. ಆಮೇಲೆ ಎದ್ದು ನೋಡ್ದೆ. ಯಾರೂ ಇಲ್ಲ. ದೀಪ, ಫೋಟೋ, ಐದು ಪಿಸ್ತೂಲು. ಮಲಗ್ಸಿದಂಗೇ ಮಲ್ಗವೆ."

ಪರಮೇಶ ಎದ್ದು ವಾರ್ಡಿನ ಬಾಗಿಲು ಮುಚ್ಚಿ ಬಂದ.

"ಯಾರ ಮೇಲಾದರೂ ಅನುಮಾನ?"

"ಮನ್ಸೇ ಒಡ್ದಿದ್ರೆ, ಆ ನೇಕಾರ್ರ ಉಡ್ಗಿ ಇಂಚರ. ಈ ಗ್ವಾಡೆ ಮುಟ್ಟುದ್ರೆ ಸುಮ್ನಿರಲ್ಲ ಅಂತ ಬೆಳಿಗ್ಗೆ ಮುಖಕ್ಕೆ ಒಡ್ದಂಗೆ ಅಂದ್ಲು. ನಾನು ಈಚೆಗೆ ಓಡಿ ಬಂದಾಗ ಬೀದಿ ಕೊನೇಲಿ ಅವ್ಳೂ ಓಡ್ತಿದ್ಲು. ಕಂಪ್ಲೇಂಟಲ್ಲಿ ಬರ್ಕೊಳ್ಳಿ."

ಬರೆದುಕೊಂಡರು.

ಹನೂರಿನಿಂದ ಬೈಕಿನಲ್ಲಿ ಬಂದ ಪುಟ್ಟಬಸಪ್ಪ ಅಷ್ಟರಲ್ಲಿ ಠಾಣೆಯಲ್ಲಿ ಕಾಯುತ್ತಿದ್ದ. ಮಾದಪ್ಪನ ಹಳೇ ಶಿಷ್ಯ, ಈಗ ಕಲಿಸುವವನು. ಮಧ್ಯಾಹ್ನದಿಂದ ಅಣ್ಣನ ಲಾರಿಯ ಪೂಜೆಯಲ್ಲಿದ್ದೆ, ನಲವತ್ತು ಜನ ನೋಡಿದ್ದಾರೆ ಎಂದ. ವಿಚಾರಿಸಿದರೆ ನಿಜವಾಗಿತ್ತು. ಅವನನ್ನು ಕರೆದುಕೊಂಡು ಮತ್ತೆ ಶೆಡ್ಡಿಗೆ ಹೋದರು. ಕರೆಂಟು ಬಂದಿತ್ತು. ಬೆಳಕಿನಲ್ಲೂ ಆ ಜಾಗ ಪರಮೇಶನಿಗೆ ಸರಿಬರಲಿಲ್ಲ.

"ಈ ಐದರಲ್ಲಿ ಯಾವುದು ಹೊಡೆದಿದೆ ಹೇಳಪ್ಪ."

ಪುಟ್ಟಬಸಪ್ಪ ಒಂದೊಂದನ್ನೇ ಬಗ್ಗಿ ನೋಡಿದ. ಮುಟ್ಟಲಿಲ್ಲ. "ಯಾವ್ದೂ ಇಲ್ಲ ಮೇಡಂ."

"ಹೇಗೆ ಹೇಳ್ತೀಯ?"

"ಇಲ್ನೋಡಿ. ಪಕ್ಕದಲ್ಲಿ ಉದ್ದಕ್ಕೆ ಇರೋದು ಲಿವರ್. ಇದ್ನ ಎಳುದ್ರೆ ನಳಿಗೆಯ ಇಂಭಾಗ ತೆರ್ಕೊಳ್ತದೆ, ಅಲ್ಲಿ ಗುಂಡು ಇಡ್ಬೇಕು. ಲಿವರ್ ಒತ್ತಿ ಮುಚ್ಚುದ್ರೆ ಒಳಗೆ ಗಾಳಿ ಬಿಗೀತದೆ. ಒಂದು ಎಳೆತಕ್ಕೆ ಒಂದೇ ಗುಂಡು. ಲಿವರ್ ತೆರೀದೆ ಹೊಡ್ಯಕ್ಕೆ ಆಗಲ್ಲ. ಈಗ ಈ ವಿಭೂತಿ ನೋಡಿ."

ಐದು ಪಿಸ್ತೂಲಿಗೂ ಒದ್ದೆ ವಿಭೂತಿಯ ಮೂರು ಪಟ್ಟೆ ಬಳಿದಿತ್ತು. ಪಟ್ಟೆಗಳು ಲಿವರಿನ ಮೇಲಿಂದ ಹಾದು ಮೈಮೇಲೆ ಇಳಿದಿದ್ದವು. ಎರಡೂ ಸೇರುವ ಸಂದಿನ ಮೇಲೆ ವಿಭೂತಿ ಒಣಗಿ ಹೆಪ್ಪುಗಟ್ಟಿತ್ತು. ಒಂದು ಬಿರುಕೂ ಇಲ್ಲ.

"ಲಿವರ್ ಕೂದ್ಲೆಳೆ ಎದ್ದಿದ್ರೂ ಇದು ಉದುರ್ಬೇಕಿತ್ತು. ಬೆಳಿಗ್ಗೆ ಬಳುದ್ ಮೇಲೆ ಯಾರೂ ಎಳುದಿಲ್ಲ. ಮತ್ತೆ ಮೂತಿ ನೋಡಿ, ಬಿರಡೆನೂ ಅಂಗೇ ಅವೆ."

ಒಂದೊಂದರ ಮೂತಿಗೂ ರೇಷ್ಮೆ ನೂಲಿನ ಪುಟ್ಟ ಉಂಡೆ ತುರುಕಿತ್ತು.

"ಇದು ಯಾಕೆ?"

"ಕಣಜ ಮೇಡಂ. ತೂತು ಕಂಡ್ರೆ ಒಳಗೆ ಮಣ್ಣಿನ ಗೂಡು ಕಟ್ತವೆ. ಒಂದ್ಸಲ ಒಂದು ನಳಿಗೆ ಅಂಗೇ ಹಾಳಾಯ್ತು. ಆಗಿಂದ ಬಸವಮ್ಮಕ್ಕ ಒರ್ಸಿದ್ ತಕ್ಷಣ ಉಂಡೆ ಕಟ್ಟಿ ತುರುಕ್ತಾರೆ. ಇಪ್ಪತ್ತು ವರ್ಸದಿಂದ ಇವನ್ನ ನೋಡ್ಕೊಳ್ಳೋರು ಅವ್ರೇ. ಎಣ್ಣೆ, ವಾಷರು, ಸ್ಕ್ರೂ ಎಲ್ಲ. ನಮಗೆ ಹೊಡ್ಯೋದು ಗೊತ್ತು, ಅಷ್ಟೆ."

ಜಡೆಮ್ಮ ಕನ್ನಡಕ ಹಾಕಿಕೊಂಡು ಐದು ಮೂತಿಯನ್ನೂ ನೋಡಿದರು. ನಾಲ್ಕನೆಯದರ ಮುಂದೆ ಸ್ವಲ್ಪ ಹೆಚ್ಚು ಹೊತ್ತು ನಿಂತರು. ಪರಮೇಶ ಅದನ್ನು ಕಂಡ, ಅರ್ಥವಾಗಲಿಲ್ಲ. ನಿಜ ಹೇಳಬೇಕೆಂದರೆ ಅವನು ಫೋಟೋದ ಕಡೆ ನೋಡದೆ ಇರುವ ಕೆಲಸದಲ್ಲಿದ್ದ.

"ಆರನೇ ಪಿಸ್ತೂಲು ಇದೆಯಾ?"

ಪುಟ್ಟಬಸಪ್ಪ ತಲೆ ತಗ್ಗಿಸಿದ. "ಇದೆ. ಇಂಚರನ ಹತ್ರ. ನಾಳಿದ್ದು ಮೈಸೂರಲ್ಲಿ ರಾಜ್ಯ ತಂಡಕ್ಕೆ ಆಯ್ಕೆ. ಕೈ ತಪ್ಪಬಾರ್ದು ಅಂತ ಮನೇಗೇ ಕೊಟ್ಟಿದ್ದೆ. ಮೇಡಂ, ಈ ಊರಿಂದ ಅಲ್ಲಿಗಂಟ ಯಾರೂ ಓಗಿಲ್ಲ. ಮೇಷ್ಟ್ರು ಇದೊಂದ್ನೇ ಕಾಯ್ತಿದ್ರು."

ನೇಕಾರರ ಬೀದಿಯಲ್ಲಿ ಇಂಚರಳ ಮನೆಯ ಮಗ್ಗಕ್ಕೂ ಪೂಜೆಯಾಗಿತ್ತು. ಅರ್ಧ ನೇಯ್ದ ಸೀರೆಯ ಮೇಲೆ ಚೆಂಡುಹೂವು. ಮಗ್ಗದ ಹಲಗೆಯ ಮೇಲೆ ಪಿಸ್ತೂಲು. ಅದಕ್ಕೆ ವಿಭೂತಿ ಇರಲಿಲ್ಲ, ಬರೀ ಒಂದು ಕುಂಕುಮದ ಬೊಟ್ಟು. ಹತ್ತೊಂಬತ್ತರ ಹುಡುಗಿ ಗೋಡೆಗೊರಗಿ ನಿಂತಿದ್ದಳು. ಅಮ್ಮ ರಾಮಮ್ಮ ಅವಳ ಕೈ ಬಿಟ್ಟಿರಲಿಲ್ಲ.

"ಸಂಜೆ ಶೆಡ್ಡಿನ ಹತ್ತಿರ ಯಾಕೆ ಹೋಗಿದ್ದೆ?"

"ಬಸವತ್ತೆ ಕಾಲಿಗೆ ಬೀಳಕ್ಕೆ. ನಾಳೆ ಮಧ್ಯಾಹ್ನ ಬಸ್ಸು."

"ಬಿದ್ದೆಯಾ?"

"ಇಲ್ಲ."

"ಓಡಿದೆ. ಯಾಕೆ?"

ಹುಡುಗಿ ಅಮ್ಮನ ಕಡೆ ನೋಡಿದಳು. ರಾಮಮ್ಮ ಕೈ ಅದುಮಿದಳು. "ಯೋಳು ಮಗಾ. ಯೋಳ್ದೇ ಇದ್ರೆ ಇವ್ರಿಗೆ ಎಂಗೆ ಗೊತ್ತಾದದು?"

"ಹೇಳಿದ್ರೆ ಹುಚ್ಚಿ ಅಂತಾರೆ." ಅವಳ ಕಣ್ಣು ತುಂಬಿತು. "ಕಿಟಕಿ ಪಕ್ಕ ಹೋಗ್ತಿದ್ದೆ. ಒಳಗೆ ಮೇಷ್ಟ್ರು ಮಾತಾಡಿದ್ರು. 'ಉಸ್ರು ಇಡಿ' ಅಂದ್ರು. ನಂಗೆ ಹೇಳ್ತಿದ್ರಲ್ಲ, ಹಂಗೇ. ಆಮೇಲೆ ಟಪ್ ಅಂತು. ಕಾಲು ನಿಲ್ಲಲಿಲ್ಲ ಮೇಡಂ, ಓಡಿದೆ."

ಪರಮೇಶ ಮೆಲ್ಲಗೆ ಬೆನ್ನನ್ನು ಬಾಗಿಲಿಗೆ ಒತ್ತಿಕೊಂಡ. ಒಬ್ಬ ಕೇಳಿದರೆ ಭ್ರಮೆ. ಇಬ್ಬರು ಕೇಳಿದರೆ ಏನು?

"ಬೆಳಿಗ್ಗೆ ಪೂಜೆದು ಫೋಟೋ ತೆಗೆದಿದ್ದೀಯಾ?" ಜಡೆಮ್ಮ ಕೇಳಿದರು. ಇಂಚರ ಮೊಬೈಲು ಕೊಟ್ಟಳು. ಅವರು ಒಂದು ಚಿತ್ರವನ್ನು ಬೆರಳಲ್ಲಿ ಹಿಗ್ಗಿಸಿ ಹಿಗ್ಗಿಸಿ ನೋಡಿದರು, ತಮ್ಮ ಮೊಬೈಲಿಗೆ ಕಳಿಸಿಕೊಂಡರು.

ಅಷ್ಟರಲ್ಲಿ ಇನ್ಸ್‌ಪೆಕ್ಟರ್ ಸಾಹೇಬರ ಫೋನು. ಅವರ ದನಿ ಪರಮೇಶನವರೆಗೂ ಕೇಳಿಸುತ್ತಿತ್ತು. ಐದು ಪಿಸ್ತೂಲಿಗೆ ವಿಭೂತಿಯ ಮುದ್ರೆ ಇದೆ. ಮುದ್ರೆ ಇಲ್ಲದ್ದು ಒಂದೇ. ಅದು ಆ ಹುಡುಗಿಯ ಕೈಲಿ. ಬೆದರಿಸಿದ್ದೂ ಅವಳೇ, ಓಡಿದ್ದೂ ಅವಳೇ. ಇನ್ನೇನು ಬೇಕು? ನಾಳೆ ಹತ್ತು ಗಂಟೆಗೆ ಕೇಸು ಬರೆದು ಪಿಸ್ತೂಲು ಜಪ್ತಿ ಮಾಡಿ.

"ಹತ್ತು ಗಂಟೆಗೆ ಅಲ್ವಾ ಸರ್? ಆಗಲಿ," ಎಂದು ಜಡೆಮ್ಮ ಫೋನಿಟ್ಟರು.

ರಾಮಮ್ಮನಿಗೂ ಕೇಳಿಸಿತ್ತು. ಅವಳು ಮಗ್ಗದ ಪಕ್ಕ ಕುಸಿದು ಕೂತಳು. "ಅವ್ಳು ನೂಲು ಇಡ್ಕಂಡ್ರೂ ಕಿತ್ತೋಗದಿಲ್ಲ ಕಣ್ರವ್ವ, ಅಂತಾ ಕೈಯಿ," ಅಂದಳು. "ಈ ಕೇಸು ಬಿದ್ರೆ ಮೈಸೂರು ಓಗ್ಲಿ, ನಾಳೆ ಯಾರ್ ಮುಖ ನೋಡದು?"

ಜಡೆಮ್ಮ ಅವಳ ಅಂಗೈಗೆ ಒಂದು ನೆಲ್ಲಿಚೂರು ಹಾಕಿದರು. "ಬಾಯಿಗೆ ಹಾಕ್ಕೊ. ಬ್ಯಾಗು ಕಟ್ಟಿಡು ಅಂತ ಮಗಳಿಗೆ ಹೇಳು."

ವಿಜಯದಶಮಿಯ ಬೆಳಿಗ್ಗೆ ಎಂಟು ಗಂಟೆ. ಆಯುಧ ಕದಲಿಸುವ ಹೊತ್ತು. ಮೇಜಿನ ಸುತ್ತ ಪುಟ್ಟಬಸಪ್ಪ, ಬಸವಮ್ಮ, ಬ್ಯಾಗು ಹೆಗಲಿಗೆ ಹಾಕಿದ ಇಂಚರ, ಅವಳಮ್ಮ. ಕೆನ್ನೆಗೆ ಪಟ್ಟಿ ಹಾಕಿಕೊಂಡ ಪುಟ್ಟಸಿದ್ದಯ್ಯ ಬಾಗಿಲಿಂದ ಒಳಗೆ ಬರಲೇ ಇಲ್ಲ, ಹೊಸ್ತಿಲ ಮೇಲೆ ಕುರ್ಚಿ ಹಾಕಿಸಿಕೊಂಡ. ದೀಪ ಉರಿಯುತ್ತಲೇ ಇತ್ತು.

"ಪುಟ್ಟಬಸಪ್ಪ," ಜಡೆಮ್ಮ ಶುರುಮಾಡಿದರು, "ಲಿವರ್ ಎಳೆದು ಮುಚ್ಚಿ, ಹೊಡೆಯದೇ ಇಟ್ಟರೆ ಗಾಳಿ ಎಷ್ಟು ಹೊತ್ತು ನಿಲ್ಲುತ್ತೆ?"

"ಅಂಗೆ ಇಡಬಾರ್ದು ಮೇಡಂ. ವಾಷರ್ ಸತ್ತೋಯ್ತದೆ. ಅದು ಮೊದಲ ಪಾಠ."

"ಇಟ್ಟರೆ?"

"ವಾಷರ್ ಒಣಗಿದ್ರೆ ಅರ್ಧ ಗಂಟೆ. ಹೊಸ್ದಾಗಿದ್ರೆ—" ಅವನು ತಡೆದ. "ಹೊಸ್ದಾಗಿದ್ರೆ ಬೆಳಿಗ್ಗೆದು ಸಂಜೆವರ್ಗೂ ನಿಂತದು. ಸ್ವಲ್ಪ ಸೋರ್ತದೆ, ಆದ್ರೂ ನಿಂತದೆ."

"ಇವುಗಳಲ್ಲಿ ಹೊಸ ವಾಷರ್ ಯಾವುದಕ್ಕೆ?"

"ನಾಕನೇದಕ್ಕೆ. ಓದ ಶನಿವಾರ ಹಾಕಿದ್ದು."

"ನಾವೆಲ್ಲ ಒಂದು ತಪ್ಪು ಮಾಡಿದ್ವಿ," ಜಡೆಮ್ಮ ಹೇಳಿದರು. "ವಿಭೂತಿ ಬಿರುಕು ಬಿಟ್ಟಿಲ್ಲ, ಆದ್ದರಿಂದ ಪಿಸ್ತೂಲು ಹೊಡೆದಿಲ್ಲ ಅಂದ್ಕೊಂಡ್ವಿ. ವಿಭೂತಿ ಹೇಳೋದು ಒಂದೇ ಮಾತು: ಬಳಿದ ಮೇಲೆ ಯಾರೂ ಲಿವರ್ ಎಳೆದಿಲ್ಲ. ಬಳಿಯೋಕೆ ಮುಂಚೆ ಎಳೆದಿದ್ದರೆ? ಗುಂಡು ಇಟ್ಟು, ಗಾಳಿ ಬಿಗಿದು, ಲಿವರ್ ಮುಚ್ಚಿ, ಅದರ ಮೇಲೆ ಪಟ್ಟೆ ಬಳಿದಿದ್ದರೆ? ಸಂಜೆ ಬರೀ ಟ್ರಿಗರ್ ಒತ್ತಿದರೆ ಸಾಕು. ಮುದ್ರೆ ಮುದ್ರೆಯಾಗೇ ಇರುತ್ತೆ. ಪೂಜೆಗಿಟ್ಟ ಆಯುಧವನ್ನ ನಮ್ಮಲ್ಲಿ ಯಾರೂ ಮುಟ್ಟೋದಿಲ್ಲ, ಅದು ಮಲಗಿರುತ್ತೆ ಅಂತ ನಂಬ್ತೀವಿ. ಆ ನಂಬಿಕೆ ಮೇಲೇ ಈ ಕೆಲಸ ನಿಂತಿದ್ದು."

ಪುಟ್ಟಬಸಪ್ಪ ಲೆಕ್ಕ ಹಾಕುವವನ ಹಾಗೆ ತುಟಿ ಅಲ್ಲಾಡಿಸಿದ. "ಆದ್ರೆ ಮೂತಿಲಿ ಬಿರಡೆ ಇತ್ತಲ್ಲ ಮೇಡಂ?"

"ಇತ್ತು. ಅದನ್ನೇ ನೋಡಿ." ಜಡೆಮ್ಮ ಮೊಬೈಲು ತೆರೆದು ಮೇಜಿನ ಮೇಲಿಟ್ಟರು. "ನಿನ್ನೆ ಬೆಳಿಗ್ಗೆ ಆರತಿ ಎತ್ತಿ, ಆ ಕೆಂಪು ನೀರನ್ನ ಐದು ಮೂತಿಗೂ ಬೊಟ್ಟಿಟ್ಟಿದ್ದಾರೆ. ಚಿತ್ರದಲ್ಲಿ ಐದು ಉಂಡೆನೂ ಕೆಂಪು. ಈಗ ನೋಡಿ."

ಎಲ್ಲರೂ ಬಗ್ಗಿದರು. ಒಂದು, ಎರಡು, ಮೂರು, ಐದು, ಎಲ್ಲ ಕೆಂಪು. ನಾಲ್ಕನೆಯದರ ಮೂತಿಯಲ್ಲಿ ಹಾಲಿನಂಥ ಬಿಳಿ ಉಂಡೆ.

ಜಡೆಮ್ಮ ನೆಲ್ಲಿ ಡಬ್ಬಿಯ ಮುಚ್ಚಳ ತೆಗೆದರು. "ಬೆಳಗಿನ ಕೆಂಪು ಉಂಡೆ ಇಲ್ಲಿದೆ. ನಮ್ಮ ಪರಮೇಶ ಇದನ್ನ ತುಳ್ಕೊಂಡು ನಡೆದಿದ್ದ. ನೂಲು ಅಂದರೆ ಇಲ್ಲಿ ಕಸ, ಯಾರ ಕಣ್ಣಿಗೂ ಬೀಳಲ್ಲ. ನಾನು ಬೆಟ್ಟದವಳು, ನನಗೆ ಬಿತ್ತು. ಹೊಡೆದವರು ಬಿರಡೆ ತೆಗೆಯೋದನ್ನ ಮರೆತರು. ಗುಂಡು ಅದನ್ನ ತಳ್ಳಿಕೊಂಡು ಹೊರಗೆ ಬಂತು, ದಾರಿ ತಪ್ಪಿ ಕಂಬಕ್ಕೆ ಬಡಿಯಿತು. ಇಂಚರ, ನೀನು ಪಿಸ್ತೂಲು ಕೈಗೆ ತಗೊಂಡ ತಕ್ಷಣ ಏನು ಮಾಡ್ತೀಯ?"

"ಮೂತಿ ನೋಡ್ತೀನಿ," ಇಂಚರ ಅಂದಳು. ಅವಳ ದನಿ ಕೆಳಗಿಳಿದಿತ್ತು.

"ಹೊಡೆಯೋದು ಕಲಿತ ಯಾರೇ ಆದರೂ ಮೂತಿ ನೋಡ್ತಾರೆ. ಎರಡು ಮಾರು ಗುರಿ ತಪ್ಪೋದೂ ಇಲ್ಲ. ಹಾಗಾದರೆ ಹೊಡೆದವರಿಗೆ ಹೊಡೆಯೋಕೆ ಬರೋದಿಲ್ಲ. ಆದರೆ ಯಾವ ವಾಷರ್ ಸಂಜೆವರೆಗೂ ಗಾಳಿ ಹಿಡಿಯುತ್ತೆ ಅಂತ ಗೊತ್ತು. ಇನ್ನೊಂದು ವಿಷಯ. ಕತ್ತಲಲ್ಲಿ, ಒಬ್ಬ ಮನುಷ್ಯ ರಕ್ತ ಸುರಿಸಿಕೊಂಡು ಓಡುತ್ತಿರುವಾಗ, ತಾನೂ ಓಡಿಹೋಗಬೇಕಾದ ಹೊತ್ತಲ್ಲಿ, ನಿಂತು ಹೊಸ ಉಂಡೆ ಕಟ್ಟಿ ಮೂತಿಗೆ ತುರುಕೋರು ಯಾರು? ದೀಪದ ಮಬ್ಬಲ್ಲಿ ಬಣ್ಣದ ಕಡೆ ಗಮನ ಹೋಗಲಿಲ್ಲ. ಕೈ ಮಾತ್ರ ತನ್ನ ಕೆಲಸ ಮಾಡಿತು. ಇಪ್ಪತ್ತು ವರ್ಷ ಅದೇ ಕೆಲಸ ಮಾಡಿದ ಕೈ ಈ ಊರಲ್ಲಿ ಒಂದೇ ಇದೆ."

ಯಾರೂ ಆ ಕಡೆ ತಿರುಗಿ ನೋಡಲಿಲ್ಲ. ನೋಡಬೇಕಾಗಿಯೂ ಇರಲಿಲ್ಲ. ಬಸವಮ್ಮ ಸೆರಗಿನ ತುದಿಯಿಂದ ಮೇಜಿನ ಅಂಚಿನ ಧೂಳು ಒರೆಸುತ್ತಿದ್ದಳು.

"ಬಾಯಿ ತೆರ್ದು ಬುಟ್ರೆ ಕಣಜ ಗೂಡು ಕಟ್ತದಲ್ಲವ್ವ," ಅಂದಳು.

ಇಂಚರ "ಅತ್ತೆ" ಅಂದಳು.

"ಅವ್ರಿಗೆ ತಗುಲ್ಲಿ ಅಂತ ಒಡೀಲಿಲ್ಲ ಕಣ್ ಮಗಾ. ಕಾಗ್ದುಕ್ಕೆ ಒಂದು ತೂತು ಬಿದ್ರೆ ಸಾಕು, ಸತ್ತವ್ನು ಇನ್ನೂ ಇಲ್ಲವ್ನೆ ಅಂತ ಯೆದ್ರಿ ಚೌಟ್ರಿ ಆಸೆ ಬುಡ್ಲಿ ಅಂತ. ಪರದೆ ಇಂದೆ ಕೂತಿದ್ದೆ. ಕರೆಂಟು ಓಗಿದ್ದು ದೇವ್ರು ಕೊಟ್ಟಂಗಾಯ್ತು ಅಂದ್ಕಂಡೆ. ಒಡ್ದು, ಎಲ್ಲಿತ್ತೋ ಅಲ್ಲೇ ಮಲಗ್ಸಿ ಪರದೆ ಇಂದ್ಕೆ ಸರ್ಕಂಡೆ. ಅವ್ರು ಓಡುದ್ ಮೇಲೆ ಬಿರಡೆ ತುರ್ಕಿ ಇತ್ಲಿಂದ ಓದೆ." ಅವಳು ಪುಟ್ಟಸಿದ್ದಯ್ಯನ ಕಡೆ ತಿರುಗಿದಳು. "ನಿಮ್ಮ ಮುಖದಲ್ಲಿ ರಕ್ತ ಕಂಡಾಗ ನನ್ ಜೀವ ಓಯ್ತು ಯಜಮಾನ್ರೆ. ತಪ್ಪಾಯ್ತು. ಉಡ್ಗಿ ಮೇಲೆ ಬತ್ತದೆ ಅಂತ ಗೊತ್ತಿದ್ರೆ ಆಗ್ಲೇ ಒಪ್ಕತಿದ್ದೆ."

"ರಾತ್ರಿನೇ ಬಂದು ಕರೀಬೇಕು ಅಂತ ಅಂದ್ಕೊಂಡೆ," ಜಡೆಮ್ಮ ಹೇಳಿದರು. "ದೀಪಕ್ಕೆ ಎಣ್ಣೆ ಹಾಕೋರು ಇರಲ್ಲ ಅಂತ ಸುಮ್ಮನಾದೆ."

ಪುಟ್ಟಸಿದ್ದಯ್ಯ ಹೊಸ್ತಿಲ ಮೇಲೆ ಕೂತೇ ಇದ್ದ. ಪಟ್ಟಿ ಮುಟ್ಟಿಕೊಂಡ, ಅಳತೆ ಟೇಪು ಇರುವ ಜೇಬು ಮುಟ್ಟಿಕೊಂಡ. "ಬಸವಮ್ಮ, ಒಂದ್ ಮಾತು ಬಾಯ್ಬುಟ್ಟು ಕೇಳ್ಬೌದಿತ್ತಲ್ಲ," ಅಂದ.

"ಮೂರು ಸಲ ಕೇಳ್ದೆ ಯಜಮಾನ್ರೆ. ನೀವು ಪುಟ್ಟಬಸಪ್ಪನ್ನ ಕರ್ಕಂಬಾ, ಗಂಡಸ್ರತ್ರ ಮಾತಾಡ್ತೀನಿ ಅಂದ್ರಿ."

ಅವನು ಟೇಪನ್ನು ಜೇಬಿನ ಇನ್ನೂ ಒಳಕ್ಕೆ ತಳ್ಳಿದ.

ಠಾಣೆಯ ಜೀಪು ಬಂತು. ಚಕ್ರಗಳಿಗೆ ನಿಂಬೆಹಣ್ಣಿನ ಸಿಪ್ಪೆ ಅಂಟಿತ್ತು. ಹತ್ತುವ ಮುಂಚೆ ಬಸವಮ್ಮ ಇಂಚರಳ ಬ್ಯಾಗು ತೆರೆಸಿ ಆರನೇ ಪಿಸ್ತೂಲು ತೆಗೆಸಿದಳು. ಲಿವರ್ ಎಳೆದು ವಾಷರಿಗೆ ಬೆರಳಲ್ಲಿ ಒಂದೇ ಒಂದು ಹನಿ ಎಣ್ಣೆ ಸವರಿದಳು. ಮೂತಿ ಒರೆಸಿದಳು. ಬಿಳಿ ನೂಲಿನ ಉಂಡೆ ಕಟ್ಟಿ ತುರುಕಿದಳು. "ಒಡ್ಯಕ್ ಮುಂಚೆ ತಗಿ. ನನ್ನಂಗೆ ಮರೀಬ್ಯಾಡ," ಅಂದಳು. ಇಂಚರ ಅಳುತ್ತ ಅವಳ ಕಾಲಿಗೆ ಬಿದ್ದಳು. ಹಿಂದಿನ ಸಂಜೆ ಬೀಳಬೇಕೆಂದು ಬಂದಿದ್ದವಳು ಈಗ ಬಿದ್ದಳು.

ಜೀಪು ಬೀದಿ ದಾಟಿತು. ಜಡೆಮ್ಮ ಮುಂದೆ, ಬಸವಮ್ಮನೂ ಪರಮೇಶನೂ ಹಿಂದೆ. ಪರಮೇಶನಿಗೆ ಎದೆ ಹಗುರಾಗಿತ್ತು. ದೆವ್ವವಿಲ್ಲ, ಭೂತವಿಲ್ಲ, ಎಲ್ಲಕ್ಕೂ ಕಾರಣ ಸಿಕ್ಕಿತ್ತು. ಮಾತಾಡುವ ಉಮೇದೂ ಬಂತು.

"ಅಮ್ಮ, ಮಾದಪ್ಪನವ್ರ ದನೀಲಿ ಚೆನ್ನಾಗಿ ಮಾತಾಡಿದ್ರಿ ಬುಡಿ. 'ಉಸ್ರು ಇಡಿ' ಅಂದಿದ್ದು ಕೇಳಿ ಇಬ್ರು ನಡುಗೋದ್ರು."

ಬಸವಮ್ಮ ಅವನ ಮುಖ ನೋಡಿದಳು. "ನಾನು ಬಾಯೇ ಬುಟ್ಟಿಲ್ಲ ಸಾ."

ಮುಂದೆ ಕೂತಿದ್ದ ಜಡೆಮ್ಮ ನೆಲ್ಲಿಚೂರು ಜಗಿಯುವುದನ್ನು ನಿಲ್ಲಿಸಿದರು.

"ಪಿಸ್ತೂಲು ಎತ್ತಿ ಇಡ್ಕಂಡೆ. ಕೈ ನಡುಗ್ತಿತ್ತು. ಇಪ್ಪತ್ತು ವರ್ಸ ಒರ್ಸಿದೀನಿ, ಒಂದ್ಸಲನೂ ಒಡ್ದಿಲ್ಲ. ನಂಗೂ ಒಂದ್ಸಲ ಕಲ್ಸಿ ಅಂತ ಕೇಳಿದ್ದೆ. ನೀನು ಒರ್ಸು ಸಾಕು ಅಂತ ನಕ್ಬುಟ್ಟಿದ್ರು." ಅವಳು ಮಡಿಲಲ್ಲಿ ಕೈಕೈ ಹಿಡಿದುಕೊಂಡಳು. ಎಣ್ಣೆಯ ಕಲೆ ಉಗುರಿನ ಸಂದಿಯಲ್ಲಿತ್ತು. "ನೆನ್ನೆ ಕಿವಿ ಪಕ್ಕದಲ್ಲೇ ಅಂದ್ರು. ಉಸ್ರು ಇಡಿ ಅಂದ್ರು. ನಾನು ಇಡ್ದೆ ಸಾ."